ಹದಿನೆಂಟನೆಯ ಸೆಕೆಂಡ್

ನವೆಂಬರ್ 3. ಬೆಳಿಗ್ಗೆ 11

ಮಿನ್ಹಾ ಈಗ ತೊಟ್ಟಿಲಲ್ಲಿ ಮಲಗಿದಳು. ಒಂದು ಗಂಟೆ ಸಿಕ್ಕರೆ ಹೆಚ್ಚು. ಮೆರೋವಾಳ ಲೈನ್ ಆರ್ಟ್ ಇವತ್ತು ಮುಗಿಯಲೇಬೇಕು. ಸೌಮ್ಯಾ "ನೋ ರಶ್ ದೀದಿ" ಅಂತ ಬರೆಯುತ್ತಾಳೆ, ಹತ್ತು ನಿಮಿಷ ಬಿಟ್ಟು ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಕಳಿಸುತ್ತಾಳೆ. ಮುಲುಂಡ್‌ನ ಹುಡುಗಿ, ಬಿಕಾಂ ಎರಡನೇ ವರ್ಷ. ಮನೆಯವರು ಧಾರವಾಡ ಕಡೆಯವರು. ಆನ್‌ಲೈನಿನ ನನ್ನ ಚಿತ್ರಗಳ ಪೇಜಿನ ಯಾವುದೋ ಸ್ಕೆಚ್‌ನ ಮೂಲೆಯಲ್ಲಿ "ಮೂಗು ಇಳಿಸು" ಅಂತ ಕನ್ನಡದಲ್ಲಿ ಅಳಿಸದೆ ಉಳಿದಿತ್ತು. ಓದಲು ಬರದಿದ್ದರೂ ಅಕ್ಷರ ಗುರುತಿಸಿ ಚಿತ್ರಕ್ಕೆ ಆರ್ಡರ್ ಕೊಟ್ಟಳು. ಕಾಲೇಜಿನಿಂದ ಬಂದ ಚಾಳಿ ನನ್ನದು — ಬರೆಯುತ್ತಾ ಬರೆಯುತ್ತಾ ತಪ್ಪುಗಳನ್ನು ಚಿತ್ರದ ಮೇಲೆಯೇ ಗೀಚಿಕೊಳ್ಳುವುದು, ಆಮೇಲೆ ಅಳಿಸುವುದು.

ಮೆರೋವಾ ಅಂದರೆ ಅವಳ ಗೇಮ್‌ನಲ್ಲಿ ನದಿ ಕಾಯುವವಳು. ಯುದ್ಧದಲ್ಲಿ ಗಾಯವಾದವರನ್ನು ನೀರಿಗಿಳಿಸಿ ಎತ್ತುತ್ತಾಳೆ, ಗಾಯ ಮಾಯ. ಸೌಮ್ಯಾ ಮೂರು ವರ್ಷದಿಂದ ಇವಳಾಗಿಯೇ ಆಡುತ್ತಿದ್ದಾಳೆ. ಅವಳಿಗೆ ಬೇಕಾದ ಚಿತ್ರ: ಮೆರೋವಾ ತೆಳು ನೀರಿನಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ನೀರುನಾಯಿ ಮರಿಯನ್ನು ಮಲಗಿಸಿಕೊಂಡು, ಅದಕ್ಕೆ ನೀರೆರೆಯುತ್ತಿರಬೇಕು.

ರೆಫರೆನ್ಸ್‌ಗೆ ಎಲ್ಲೂ ಹೋಗಬೇಕಾಗಲಿಲ್ಲ. ನಮ್ಮ ಬಚ್ಚಲಲ್ಲಿ ದಿನಾ ಬೆಳಿಗ್ಗೆ ಅತ್ತೆ ಹೀಗೆಯೇ ಕೂರುತ್ತಾರೆ. ಇವತ್ತು ಹೊಸಿಲಲ್ಲಿ ಕೂತು ಅವರ ಕೈಯನ್ನು ಸ್ಕೆಚ್ ಮಾಡಿದೆ. ಮಿನ್ಹಾಳ ಕುತ್ತಿಗೆಯ ಕೆಳಗೆ ಅಗಲವಾಗಿ ಬಿಚ್ಚಿದ ಎಡಗೈ. ಬಲಗೈಯಲ್ಲಿ ತಂಬಿಗೆ.

"ಬರೀ ಬರಕೋಂತ ಕುಂದ್ರಬ್ಯಾಡ, ನೋಡಿ ಕಲಕೊ," ಅಂದರು. "ಎಂಟನೇ ತಾರೀಖಿಗೆ ನಾ ಬಿಜಾಪುರಕ್ಕ ಹೊಂಟೇನಿ. ನನ್ನ ತಂಗಿ ಮೊಮ್ಮಗನ ಮದುವಿ. ಇನ್ನ ನೀನ ಎರಿಬೇಕು."

"ಹ್ಞೂಂ ಅಮ್ಮಿ."

"ಹ್ಞೂಂ ಅಂತ! ನಾಕ ತಿಂಗಳಾತು, ಇನ್ನೂ ಒಂದ ಸಲ ಕೂಸಿನ್ನ ಕಾಲ ಮ್ಯಾಲ ಹಾಕ್ಕೊಂಡಿಲ್ಲ. ಯಾ ಊರ ರಾಣಿನವ್ವ ನೀ?"

ನಕ್ಕೆ. ಅವರೂ ನಕ್ಕರು. ಎಂಟನೇ ತಾರೀಖು ಅಂದರೆ ಐದು ದಿನ.

ನವೆಂಬರ್ 5. ಮಧ್ಯಾಹ್ನ

ಇಲ್ಲಿಯಾದರೂ ಬರೆಯುತ್ತೇನೆ. ಈ ಮನೆಯಲ್ಲಿ ಕನ್ನಡ ಓದುವವರು ಯಾರೂ ಇಲ್ಲ. ಗಂಡ ಜುನೇದ್ ಇಲ್ಲೇ, ಮುಂಬೈನ ಜೋಗೇಶ್ವರಿಯಲ್ಲೇ ಹುಟ್ಟಿ ಬೆಳೆದವನು, ಮುರುಕು ಕನ್ನಡ ಆಡುತ್ತಾನೆ ಅಷ್ಟೆ. ಅಮ್ಮಿ ಶಾಲೆ ಕಂಡವರಲ್ಲ.

ನೀರು ಕಂಡರೆ ಬರುತ್ತದೆ. ಬಕೆಟ್, ತಂಬಿಗೆ, ತುಂಬಿಟ್ಟ ಡ್ರಮ್. ಮಿನ್ಹಾ ನನ್ನ ಕೈಯಲ್ಲಿ — ನನ್ನ ಕೈ ಸಡಿಲಾಗುತ್ತದೆ — ಅವಳು ಕೆಳಗೆ — ನಾನು ಸುಮ್ಮನೆ ನೋಡುತ್ತಿರುತ್ತೇನೆ. ಕನಸಲ್ಲ. ನಿದ್ದೆಯೇ ಇಲ್ಲದವಳಿಗೆ ಎಲ್ಲಿಯ ಕನಸು. ಈರುಳ್ಳಿ ಹೆಚ್ಚುವಾಗ ಬರುತ್ತದೆ, ಹಾಲು ಕುಡಿಸುವಾಗ ಬರುತ್ತದೆ. ತಲೆ ಕೊಡವುತ್ತೇನೆ, ಹೋಗುತ್ತದೆ, ಮತ್ತೆ ಬರುತ್ತದೆ.

ಯಾರಿಗೆ ಹೇಳಲಿ? ಊರಲ್ಲಿ ನಮ್ಮ ಓಣಿಯ ರಾಚವ್ವನ ಸೊಸೆ ಹೆತ್ತ ಮೇಲೆ ಏನೇನೋ ಮಾತಾಡುತ್ತಿದ್ದಳು. ತಲೆ ಕೆಟ್ಟಿದೆ ಅಂದರು. ಕೂಸನ್ನು ಇಟ್ಟುಕೊಂಡು ಅವಳನ್ನು ತವರಿಗೆ ಬಿಟ್ಟು ಬಂದರು. ಕೂಸಿಗೆ ಈಗ ಎಂಟು ವರ್ಷವಿರಬೇಕು. ರಾಚವ್ವನನ್ನೇ ಅವ್ವ ಅನ್ನುತ್ತದಂತೆ.

ಹೇಳಿದರೆ ಮಗು ಹೋಗುತ್ತದೆ. ಹೇಳದಿದ್ದರೆ...

ನವೆಂಬರ್ 8

ಅಮ್ಮಿಯನ್ನು ಬಸ್ಸಿಗೆ ಹತ್ತಿಸಿ ಬಂದೆವು. ಜುನೇದ್ ಅಲ್ಲಿಂದಲೇ ಕೆಲಸಕ್ಕೆ ಹೋದ. ಕಬ್ಬಿಣಕ್ಕೆ ಬಣ್ಣದ ಪುಡಿ ಹಿಡಿಸುವ ಪೌಡರ್ ಕೋಟಿಂಗ್ ಯುನಿಟ್‌ನಲ್ಲಿ ಈಗ ಎರಡು ಪಾಳಿ.

ಮಿನ್ಹಾಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದೆ. ನೀರನ್ನು ಚಹಾದ ಬಟ್ಟಲಲ್ಲಿ ತಂದಿಟ್ಟುಕೊಂಡು.

"ಎರದ್ಯಾ?" ಅಂತ ಸಂಜೆ ದಾರಿಯಿಂದಲೇ ಅಮ್ಮಿಯ ಫೋನ್.

"ಎರದೆ."

"ಅತ್ತಳು?"

"ಇಲ್ಲ ಅಮ್ಮಿ. ನಗುತ್ತಿದ್ದಳು."

ಎಷ್ಟು ಸಲೀಸಾಗಿ ಬಂತು ಸುಳ್ಳು.

ನವೆಂಬರ್ 11. ಬೆಳಿಗ್ಗೆ 7

ನಿನ್ನೆ ರಾತ್ರಿ ಮಾಡಬಾರದ್ದು ಮಾಡಿದೆ.

ಮೆರೋವಾಗೆ ಬಣ್ಣ ತುಂಬುತ್ತಿದ್ದೆ. ನೀರು ಚೆನ್ನಾಗಿ ಬರುತ್ತಿತ್ತು, ಹಸಿರು ಮಿಶ್ರಿತ ಬೂದು. ನೀರು ಚೆನ್ನಾಗಿ ಬಂದಷ್ಟೂ ಅದು ಹತ್ತಿರ ಬಂತು. ಕಣ್ಣಿಗೆ ಬರುವುದನ್ನು ಒಮ್ಮೆ ಬರೆದುಬಿಟ್ಟರೆ ಬಿಟ್ಟು ಹೋಗುತ್ತದೇನೋ ಅನ್ನಿಸಿತು. ಟ್ಯಾಬ್‌ನಲ್ಲಿ ಚಿತ್ರದ ಮೇಲೆ ಹೊಸ ಲೇಯರ್, ಇನ್ನೊಂದು ಪದರ, ತೆಗೆದೆ. ನೀರುನಾಯಿ ಮರಿಯ ಜಾಗದಲ್ಲಿ ಮಿನ್ಹಾಳನ್ನು ಬರೆದೆ. ಮುಖ ನೀರಿನೊಳಗೆ. ಮೆರೋವಾಳ ಕೈಗಳು ದೂರ. ಪಕ್ಕದಲ್ಲಿ ಬರೆದೆ — "ಕೈ ಬಿಟ್ಟರೆ ಎಷ್ಟು ಹೊತ್ತು?"

ನೋಡುತ್ತ ಕೂತೆ. ಆಮೇಲೆ ಲೇಯರನ್ನೇ ಡಿಲೀಟ್ ಮಾಡಿದೆ. ಬಚ್ಚಲಿಗೆ ಹೋಗಿ ವಾಂತಿ.

ಬಿಟ್ಟು ಹೋಗಲಿಲ್ಲ. ಬೆಳಿಗ್ಗೆ ಚಹಾಕ್ಕೆ ನೀರಿಡುವಾಗ ಮತ್ತೆ ಬಂತು.

ನವೆಂಬರ್ 14. ಸಂಜೆ 4

ಫೈನಲ್ ಕಳಿಸಿದೆ. ಸೌಮ್ಯಾ ಮೂವತ್ತು ಹೃದಯ ಕಳಿಸಿದಳು. ಕೂಡಲೇ ತನ್ನ ಗೇಮ್‌ನವರ ಗ್ರೂಪಿಗೆ ಹಾಕಿದಳು, ಅಲ್ಲಿ ಸಾವಿರಾರು ಜನ. ಅರ್ಧ ಗಂಟೆಗೆ ಯಾರೋ ಒಬ್ಬ ಕೇಳಿದ: "ಎಡಗೈ ಎಣಿಸಿದಿರಾ?"

ಎಣಿಸಿದೆ. ಆರು ಬೆರಳು.

ಮರಿಯ ಕುತ್ತಿಗೆಯ ಕೆಳಗಿನ ಕೈ. ಅಮ್ಮಿಯ ಕೈ. ನಾನು ಬರೆದ ಕೈ. ಅಪ್ಲೈಡ್ ಆರ್ಟ್‌ನಲ್ಲಿ ಫಸ್ಟ್ ಕ್ಲಾಸ್ ನಾನು. ಎಷ್ಟು ದಿನದಿಂದ ನಿದ್ದೆಯಿಲ್ಲ, ಆ ಲೆಕ್ಕವೂ ಇಲ್ಲ.

ಅಲ್ಲಿಗೆ ಶುರು. "ಎಐ ಚಿತ್ರ." "ಪಾಪ ಹುಡುಗಿ ಮೋಸ ಹೋದಳು." "ಮಷೀನಿಗೆ ಬೆರಳು ಎಣಿಸಲು ಬರಲ್ಲ." ಒಬ್ಬ ನನ್ನ ಪೇಜಿನ ಹೆಸರನ್ನೇ ಹಾಕಿದ್ದಾನೆ. ಇವರೇ ನನಗೆ ಕೆಲಸ ಕೊಡುವವರು. ಎಐ ಅನ್ನಿಸಿಕೊಂಡವಳಿಗೆ ಇವರಲ್ಲಿ ಮತ್ತೆ ಯಾರೂ ಏನೂ ಬರೆಸುವುದಿಲ್ಲ.

ಸೌಮ್ಯಾಳ ಮೆಸೇಜ್: "ದೀದಿ ಐ ಟ್ರಸ್ಟ್ ಯೂ. ಪರ್ ಪ್ರೂಫ್ ಮಾಂಗ್ ರಹೇ ಹೈ. ಟೈಮ್‌ಲ್ಯಾಪ್ಸ್ ಹೈ ಕ್ಯಾ?"

ಇದೆ. ಆ್ಯಪ್ ತಾನೇ ರೆಕಾರ್ಡ್ ಮಾಡಿಕೊಳ್ಳುತ್ತದೆ. ಮೊದಲ ಗೆರೆಯಿಂದ ಕೊನೆಯವರೆಗೆ, ಮೂವತ್ತು ಸೆಕೆಂಡಿನಲ್ಲಿ. ಮಿನ್ಹಾ ಅಳುತ್ತಿದ್ದಳು. ಅವಳನ್ನು ಹೆಗಲಿಗೆ ಹಾಕಿಕೊಂಡೇ ಎಕ್ಸ್‌ಪೋರ್ಟ್ ಒತ್ತಿದೆ, ಕಳಿಸಿದೆ.

ನವೆಂಬರ್ 15. ಬೆಳಿಗ್ಗೆ

ಬೆರಳು ತಿದ್ದಿ ಕಳಿಸಿದೆ. ಸೌಮ್ಯಾ ವೀಡಿಯೊವನ್ನು ಗ್ರೂಪಿಗೆ ಹಾಕಿ "ದಿಸ್ ಈಸ್ ಎ ಹ್ಯೂಮನ್, ಸೇ ಸಾರಿ" ಅಂತ ಎಲ್ಲರನ್ನೂ ಬೈದಿದ್ದಾಳೆ. ಎಣಿಸಿದವನೇ ಸಾರಿ ಕೇಳಿದ. ಇನ್ನೊಬ್ಬ ಬರೆದಿದ್ದಾನೆ — ಆರನೇ ಬೆರಳು ಇರಲಿ ಬಿಡಿ, ಹೀಲಿಂಗ್ ಪವರ್ ಜಾಸ್ತಿ. ಒಬ್ಬಳೇ ನಕ್ಕೆ. ಎರಡು ಹೊಸ ಆರ್ಡರ್. ತುಂಬಾ ದಿನದ ಮೇಲೆ ಅನ್ನ ರುಚಿಸಿತು.

ಅದೇ ದಿನ. ಮಧ್ಯಾಹ್ನ 2

ಸೌಮ್ಯಾ, ಇಂಗ್ಲಿಷ್ ಅಕ್ಷರದಲ್ಲಿ: "ದೀದಿ, ವೀಡಿಯೊದಲ್ಲಿ ಹದಿನೆಂಟನೇ ಸೆಕೆಂಡಿಗೆ ಪಾಸ್ ಮಾಡಿದೆ. ಅದು ಏನು? ಬೇಬಿ? ಪಕ್ಕದಲ್ಲಿ ಕನ್ನಡ ಇದೆ. ನನಗೆ ಓದೋಕೆ ಬರಲ್ಲ. ಅಜ್ಜಿಗೆ ತೋರಿಸಿದೆ. ಅಜ್ಜಿ ಅಳ್ತಿದ್ದಾರೆ. ಆರ್ ಯೂ ಓಕೆ?"

ಟ್ಯಾಬ್ ತೆಗೆದು ನೋಡಿದೆ. ಹದಿನೆಂಟು. ಮಿನ್ಹಾ ಬರುತ್ತಾಳೆ, ಅಕ್ಷರ ಬರುತ್ತದೆ, ಹೋಗುತ್ತದೆ. ಒಂದು ಸೆಕೆಂಡೂ ಪೂರ್ತಿ ಇಲ್ಲ. ಲೇಯರ್ ಅಳಿಸಿದರೆ ಚಿತ್ರದಿಂದ ಅಳಿಯುತ್ತದೆ. ರೆಕಾರ್ಡಿನಿಂದ ಅಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ. ಯಾರು ಬೇಕಾದರೂ ಮಾಡಬಹುದಾದ ತಪ್ಪು — ಯಾರೂ ಇಂಥದ್ದನ್ನು ಬರೆದಿರುವುದಿಲ್ಲ, ಅಷ್ಟೆ.

ಹಿಂದೆಯೇ ಒಂದು ವಾಯ್ಸ್ ನೋಟ್. ಮುದುಕಿಯ ದನಿ, ಅಚ್ಚ ಧಾರವಾಡ:

"ಯವ್ವಾ, ನಾ ಚನ್ನವ್ವ, ಸೌಮ್ಯಾನ ಅಜ್ಜಿ. ಈ ಹುಡಿಗಿಗೆ ಒಂದಕ್ಷರ ಬರೂದುಲ್ಲ, ನಾನ ಓದೇನಿ. ಸಿಟ್ಟಾಗಬ್ಯಾಡ. ನಿನ್ನ ಹಂತೇಕ ಮನ್ಯಾಗ ಯಾರರ ಅದಾರೇನು? ಕೂಸು ಎಲ್ಲದ? ಒಬ್ಬಾಕಿನ ಇರಬ್ಯಾಡ ನನ ಮಗಳ. ಯಾರನರ ಕರಿ. ಏನಂದ್ರ ಏನೂ ಆಗಿಲ್ಲ, ಆದ್ರ ಒಬ್ಬಾಕಿನ ಇರಬ್ಯಾಡ. ಫೋನ್ ಮಾಡು. ರಾತ್ರಿನೂ ನಾ ಎಚ್ಚರ ಇರತೇನಿ."

ಎರಡು ಸಲ ಕೇಳಿದೆ. ಮೂರನೆಯ ಸಲ ಕೇಳುವ ಧೈರ್ಯವಾಗಲಿಲ್ಲ. "ಅದು ಬೇರೆ ಗೇಮ್‌ನ ಚಿತ್ರ, ವೀಡಿಯೊ ತೆಗೆದುಬಿಡು ಪ್ಲೀಸ್" ಅಂತ ಬರೆದು, ಸೌಮ್ಯಾಳನ್ನು ಬ್ಲಾಕ್ ಮಾಡಿದೆ.

ನವೆಂಬರ್ 16

ಸೌಮ್ಯಾಳ ಬಳಿ ಜುನೇದ್‌ನ ನಂಬರ್ ಇತ್ತು. ನನ್ನ ಬ್ಯಾಂಕ್ ಅಕೌಂಟ್ ಬಂದ್ ಬಿದ್ದಿದೆ ಅಂತ ಎಲ್ಲರಿಗೂ ಅವನ ನಂಬರಿಗೇ ಹಣ ಹಾಕಿಸುತ್ತಿದ್ದೆ. ನನ್ನನ್ನು ಹುಡುಕಲಾಗದೆ ಅವಳು ಅಲ್ಲಿಗೆ ವೀಡಿಯೊ ಕಳಿಸಿ ಫೋನ್ ಮಾಡಿದಳು. ಒಳ್ಳೆಯದಕ್ಕೇ ಮಾಡಿದಳು. ಗೊತ್ತು.

ಮಧ್ಯಾಹ್ನ ಹನ್ನೆರಡಕ್ಕೇ ಬಂದ. ಹುಬ್ಬಿನ ಮೇಲೆಲ್ಲ ಬಿಳಿ ಪೌಡರ್. ಫೋನನ್ನು ನನ್ನ ಮುಖದ ಮುಂದೆ ಹಿಡಿದ. ಪಾಸ್ ಮಾಡಿ ಇಟ್ಟುಕೊಂಡಿದ್ದ.

"ಯೇ ಮಿನ್ಹಾ ಹೈ ಕ್ಯಾ?"

ಅಲ್ಲ ಅನ್ನಬಹುದಿತ್ತು. ಆದರೆ ಮಣಿಕಟ್ಟಿನ ಕರಿಮಣಿ ದಾರವನ್ನೂ ಬರೆದಿದ್ದೆ. ಬಲಗಿವಿಯ ಹಿಂದಿನ ಮಚ್ಚೆಯನ್ನೂ.

"ಹೌದು."

"ಕ್ಯೂಂ?"

"ಅದು ತಾನೇ ಬರುತ್ತೆ ಜುನೇದ್. ನಾನು ಕರೆಯಲ್ಲ. ನಾನು ಏನೂ ಮಾಡಲ್ಲ, ಅಲ್ಲಾಹ್ ಕಸಮ್, ನಾನು ಅವಳನ್ನು ನೀರಿನ ಹತ್ತಿರಕ್ಕೂ..."

"ಎಂಟ್ ದಿನಾ ಆಯ್ತು ಅಮ್ಮಿ ಹೋಗಿ. ನಹಲಾಯಾ ಕಿ ನಹೀಂ ಬಚ್ಚಿ ಕೋ? ಸ್ನಾನ ಮಾಡ್ಸಿದ್ಯಾ?"

ಮಿನ್ಹಾಳ ಹೊದಿಕೆ ಸರಿಮಾಡಿದೆ.

"ಬೋಲ್ ನಾ ಶಾಹೀನ!"

"ಇಲ್ಲ."

ಅವನು ಹೊಡೆಯಲಿಲ್ಲ, ಕೂಗಲಿಲ್ಲ. ಹೊಡೆದಿದ್ದರೆ ಅಳಬಹುದಿತ್ತು. ಮಿನ್ಹಾಳ ಬಟ್ಟೆಗಳನ್ನು ತನ್ನ ಡಬ್ಬಿಯ ಚೀಲಕ್ಕೆ ತುಂಬತೊಡಗಿದ. ಅವಳ ಟೊಪ್ಪಿಗೆ ಯಾವುದು, ನನ್ನ ಕಾಲುಚೀಲ ಯಾವುದು ಅವನಿಗೆ ಗೊತ್ತಿಲ್ಲ. ನಾನೇ ತೆಗೆದು ಕೊಟ್ಟೆ. ನಾನೇ ಮಡಚಿ ಕೊಟ್ಟೆ.

"ಶಬನಮ ಆಪಾ ಕೇ ಪಾಸ್. ಥೋಡೇ ದಿನ. ಡರ್ ಲಗ್‌ತಾ ಹೈ ಮೇರೇಕು."

ನನಗೂ ಹೆದರಿಕೆ, ಅಂದೆ. ಅವನಿಗೆ ಕೇಳಿಸಿತೋ ಇಲ್ಲವೋ.

ನವೆಂಬರ್ 22

ಆರು ದಿನ.

ಎದೆ ಕಲ್ಲಾಗಿದೆ. ಹಾಲನ್ನು ಬಚ್ಚಲಲ್ಲಿ ಹಿಂಡಿ ಚೆಲ್ಲುತ್ತೇನೆ. ಪಕ್ಕದ ಖೋಲಿಯ ಮಗು ಅತ್ತರೆ ಕುಪ್ಪಸ ಒದ್ದೆಯಾಗುತ್ತದೆ.

ಜುನೇದ್ ಬೈಕುಲ್ಲಾದ ತನ್ನ ಅಕ್ಕ ಶಬನಮ ಆಪಾಗೆ ನನಗೆ ಟೈಫಾಯ್ಡ್ ಅಂದಿದ್ದಾನೆ. ಅಮ್ಮಿಗೂ ಅದನ್ನೇ. ಅಮ್ಮಿ ಬರುವುದು ಇನ್ನೂ ತಡವಂತೆ, ಅವರ ತಂಗಿಗೆ ಆಪರೇಷನ್. ಆಪಾ ವೀಡಿಯೊ ಕಾಲ್ ಮಾಡಿ ತೋರಿಸುತ್ತಾರೆ. ಮಿನ್ಹಾ ಬಾಟಲಿಯಲ್ಲಿ ಕುಡಿಯುತ್ತಿದ್ದಾಳೆ. ಮೊದಲ ಮೂರು ದಿನ ಅತ್ತಳಂತೆ. ಈಗ ಅಳುವುದಿಲ್ಲವಂತೆ. "ಚಿಂತಿ ಮಾಡಬ್ಯಾಡ, ನಮಗ ಹೊಂದಿಕೊಂಡಾಳ," ಅನ್ನುತ್ತಾರೆ. ಸಮಾಧಾನಕ್ಕೆ.

ಅವಳಿಲ್ಲದೆಯೂ ಅದು ಬರುತ್ತದೆ. ಮಗು ದೂರವಿದ್ದರೆ ನಿಲ್ಲುತ್ತದೆ ಅಂದುಕೊಂಡಿದ್ದೆ.

ಹೊಸ ಆರ್ಡರ್‌ಗಳನ್ನು ಕ್ಯಾನ್ಸಲ್ ಮಾಡಿದೆ.

ನವೆಂಬರ್ 26. ರಾತ್ರಿ 9

ಆಸ್ಪತ್ರೆಗೆ ಹೋಗಿದ್ದೆವು. ನಾನೇ ಹೇಳಿದ್ದು, ಕರೆದುಕೊಂಡು ಹೋಗು ಅಂತ. ಮಾನಸಿಕ ವಿಭಾಗದ ಬೋರ್ಡ್ ನೋಡಿ ಜುನೇದ್ ಕರ್ಚೀಫ್‌ನಿಂದ ಬಾಯಿ ಮುಚ್ಚಿಕೊಂಡ, ಗುರುತಿನವರು ಯಾರಾದರೂ ಸಿಕ್ಕಾರೆಂದು.

ಡಾಕ್ಟರ್ ನನಗಿಂತ ಚಿಕ್ಕವಳು. ಮರಾಠಿಯವಳು, ಹಿಂದಿಯಲ್ಲಿ ಕೇಳಿದಳು. ಹದಿನೆಂಟನೇ ಸೆಕೆಂಡನ್ನು ನಾನೇ ತೋರಿಸಿದೆ. ಅವಳು ಮುಖ ಕಿವುಚಲಿಲ್ಲ.

"ಹೀಗೆ ಮಾಡಬೇಕು ಅಂತ ಆಸೆ ಇದೆಯಾ?"

"ಇಲ್ಲ!" — ಎಷ್ಟು ಜೋರಾಗಿ ಅಂದೆನೆಂದರೆ ಹೊರಗಿದ್ದ ಸಿಸ್ಟರ್ ಇಣುಕಿದರು.

"ಅದಕ್ಕೇ ಅಲ್ಲವಾ ನೀವು ಎಂಟು ದಿನ ಚಹಾ ಬಟ್ಟಲಲ್ಲಿ ಮೈ ಒರೆಸಿದ್ದು," ಅಂದಳು. ಈ ಯೋಚನೆ ಬೇರೆ, ಬಯಕೆ ಬೇರೆಯಂತೆ. ಹೆತ್ತ ಮೇಲೆ ಬಹಳ ಹೆಂಗಸರಿಗೆ ಬರುತ್ತದಂತೆ. ಹೇಳುವವರು ಕಡಿಮೆಯಂತೆ. ಕಾಯಿಲೆಗೆ ಹೆಸರಿದೆ, ಮಾತ್ರೆ ಇದೆ, ಹಾಲು ಕುಡಿಸಬಹುದು, ಮೊದಲು ನಿದ್ದೆ ಬರಬೇಕು. ಮಾತ್ರೆ ಹಿಡಿಯಲು ಕೆಲವು ವಾರ. ಅಲ್ಲಿಯವರೆಗೆ ಮಗುವಿನ ಸ್ನಾನಕ್ಕೆ ಜೊತೆಯಲ್ಲಿ ಒಬ್ಬರು ಇರಲಿ — ಕಾವಲಿಗಲ್ಲ, ಜೊತೆಗೆ. ಆ ಒಬ್ಬರಿಗೆ ನಿಜ ಗೊತ್ತಿರಲಿ. ಯೋಚನೆ ಬಿಟ್ಟು ಬೇರೇನಾದರೂ ಆದರೆ, ದನಿ ಕೇಳಿಸಿದರೆ, ಮಾಡಲೇಬೇಕು ಅನ್ನಿಸಿದರೆ, ಆ ಕ್ಷಣವೇ ಇಲ್ಲಿಗೆ ಬನ್ನಿ ಅಂದಳು.

ಇದನ್ನೆಲ್ಲ ಜುನೇದ್ ಕೇಳಬೇಕಿತ್ತು. ಅವನು ಮಾತ್ರೆಯ ಸಾಲಿನಲ್ಲಿ ನಿಂತಿದ್ದ. ವಾಪಸ್ ಬರುವಾಗ ರಿಕ್ಷಾದಲ್ಲಿ ನಾನೇ ಹೇಳಿದೆ, ಒಂದೊಂದೇ ಮಾತು, ಅವಳು ಹೇಳಿದ ಹಾಗೆಯೇ. ಕೇಳಿದ. ನನ್ನ ಕೈ ಹಿಡಿದುಕೊಂಡ, ಎಷ್ಟೋ ದಿನದ ಮೇಲೆ.

"ಹಾಗಾದ್ರೆ ಆಪಾಗೆ ಹೇಳೋಣ," ಅಂದೆ.

ಕೈ ಬಿಟ್ಟ.

"ಪಾಗಲ್ ಹುವಿ ಕ್ಯಾ? ಆಪಾಗೆ ಹೇಳಿದ್ರೆ ಜೀಜಾಗೆ ಗೊತ್ತು. ಜೀಜಾಗೆ ಗೊತ್ತಾದ್ರೆ ಪೂರಾ ಖಾನ್‌ದಾನ್. ಕಲ್ ಮಿನ್ಹಾ ಕಾ ರಿಶ್ತಾ ಬಂತು ಅಂದ್ಕೋ, ಸಬ್ ಬೋಲೇಂಗೇ ಇಸ್ಕೀ ಮಾ..." ಪೂರ್ತಿ ಮಾಡಲಿಲ್ಲ.

ಐದು ತಿಂಗಳಿಗೂ ಬಾರದ ಮಗುವಿನ ಮದುವೆ!

"ಡಾಕ್ಟರ್ ಹೇಳಿದ್ದು..."

"ಡಾಕ್ಟರ್ ಕಾ ಕ್ಯಾ ಜಾತಾ ಹೈ? ಸುನ್. ಮಾತ್ರೆ ತಗೋ, ಠೀಕ್ ಹೋ ಜಾ, ಕರ್ಕೊಂಡ್ ಬರ್ತೀನಿ. ಬಾಯ್ ಬಿಟ್ಟೆ ತೋ ಮಿನ್ಹಾ ಅಲ್ಲೇ ರಹೇಗೀ."

ರಿಕ್ಷಾದವನು ಕನ್ನಡಿಯಲ್ಲಿ ನೋಡುತ್ತಿದ್ದ. ನಾನು ಹೊರಗೆ ನೋಡಿದೆ.

ನವೆಂಬರ್ 29

ಐದು ಗಂಟೆ ಮಲಗಿದ್ದೆ. ಎದ್ದಾಗ ಯಾವ ಊರಲ್ಲಿದ್ದೇನೆಂದು ತಿಳಿಯಲಿಲ್ಲ.

ಯೋಚನೆ ಬಂತು. ಬಂದಿತು, ಅಷ್ಟೆ. ಡಾಕ್ಟರ್ ಹೇಳಿದ ಹಾಗೆ, ಬಾ, ಹೋಗು ಅಂದೆ. ಹೋಗಲಿಲ್ಲ. ಆದರೆ ವಾಂತಿ ಆಗಲಿಲ್ಲ.

ಡಿಸೆಂಬರ್ 2. ಬೈಕುಲ್ಲಾ. ಮಧ್ಯಾಹ್ನ 12.40

ಜುನೇದ್‌ಗೆ ಹೇಳದೆ ಬಂದೆ. ಹನ್ನೊಂದರ ಲೋಕಲ್ ಹಿಡಿದು, ದಾದರ್‌ನಲ್ಲಿ ಬದಲಾಯಿಸಿ. ಹದಿನಾರು ದಿನವಾಗಿತ್ತು ಅವಳನ್ನು ಮುಟ್ಟಿ.

ಶಬನಮ ಆಪಾ ಬಾಗಿಲು ತೆಗೆದವರೇ ಹಣೆ ಮುಟ್ಟಿ ನೋಡಿದರು. "ಟೈಫಾಯ್ಡ್ ಅಂದ್ರ ಇಷ್ಟ ಇಳಿತಾರೇನವ್ವ? ಅವ್ವಾ, ಕಡ್ಡಿ ಆಗೀಯಲ್ಲ!" ಆಪಾ ಹತ್ತು ವರ್ಷದವರೆಗೆ ಊರಲ್ಲಿದ್ದವರು, ಕನ್ನಡ ಬಿಟ್ಟಿಲ್ಲ. ಮಿನ್ಹಾಳನ್ನು ತಂದು ಕೈಗಿತ್ತರು. ಅವಳು ನನ್ನನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು. ಆಪಾನ ಕಡೆಗೆ ತಿರುಗಿ ಬಾಯಿ ಸೊಟ್ಟ ಮಾಡಿದಳು.

"ಏ ಭಾಡ್ಕಾವ್, ನಿಮ್ಮವ್ವ ಅಕಿ!" ಅಂತ ಆಪಾ ಮುದ್ದಿನಿಂದ ಬೈದು ನಕ್ಕರು.

ಕೂತು ಹಾಲು ಕೊಟ್ಟೆ. ಸ್ವಲ್ಪವೇ ಉಳಿದಿತ್ತು. ಮೊದಲು ಬೇಡ ಅಂದಳು. ಆಮೇಲೆ ಹಿಡಿದಳು.

ಆಪಾ ಗಡಿಯಾರ ನೋಡಿ ಎದ್ದರು. "ಛಲೋ ಆತು ನೀ ಬಂದಿ. ಹುಡಿಗ್ಯಾರ್ನ ಸಾಲಿಯಿಂದ ಕರ್ಕೊಂಡ ಬರತೀನಿ, ಅರ್ಧ ತಾಸು. ನೀರು ಕಾದಾವು, ಬಕೆಟ್ಟಿಗೆ ಸುರುವೀನಿ. ಅಷ್ಟರಾಗ ನೀ ಮಿನ್ಹಾಗ ಎರದ ಬಿಡು. ಅವ್ವನ ಕೈ ಎರಕೊಂಡ್ರ ನಿದ್ದಿ ಛಂದ ಬರತೈತಿ."

ಬುರ್ಖಾ ಹಾಕಿಕೊಳ್ಳುತ್ತಿದ್ದರು. ಬಚ್ಚಲ ಬಾಗಿಲು ತೆರೆದೇ ಇತ್ತು. ಹಬೆ ಹೊರಗೆ ಬರುತ್ತಿತ್ತು.

ಸುಮ್ಮನಿರಬಹುದಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಎರೆದೆ ಅನ್ನಬಹುದಿತ್ತು. ಆ ಸುಳ್ಳು ನನಗೆ ಅಭ್ಯಾಸ. ಇನ್ನೂ ಹತ್ತು ದಿನ ಹೀಗೆ ಬಂದು ಹೋಗಿದ್ದರೆ ಜುನೇದ್ ತಾನೇ ಇವಳನ್ನು ಮನೆಗೆ ತರುತ್ತಿದ್ದ. ಆಮೇಲೆ ಅಲ್ಲಿ, ಆ ಬಚ್ಚಲಲ್ಲಿ, ನಾನು, ಇವಳು. ಯಾರಿಗೂ ಏನೂ ಗೊತ್ತಿಲ್ಲದೆ.

"ಆಪಾ, ಹೋಗಬ್ಯಾಡ್ರಿ."

"ಯಾಕ?"

ಹೇಳಿದೆ. ಬುರ್ಖಾದ ಒಂದು ತೋಳು ಹಾಕಿ ಒಂದು ತೋಳು ಬಿಟ್ಟು ನಿಂತಿದ್ದವರಿಗೆ ಎಲ್ಲ ಹೇಳಿದೆ. ನೀರು ಕಂಡರೆ ಏನು ಬರುತ್ತದೆ, ಏನು ಬರೆದೆ, ಯಾರು ನೋಡಿದರು, ಟೈಫಾಯ್ಡ್ ಅಲ್ಲ, ಡಾಕ್ಟರ್ ಏನಂದಳು. ಜುನೇದ್ ಹೇಳಬೇಡ ಅಂದದ್ದನ್ನೂ. ಹೇಳುವಷ್ಟು ಹೊತ್ತೂ ಮಿನ್ಹಾ ನನ್ನ ಕರಿಮಣಿ ಹಿಡಿದು ಜಗ್ಗುತ್ತಿದ್ದಳು.

ಆಪಾ ಒಂದೇ ಮಾತು ಕೇಳಿದರು. "ಈಗೂ ಬರಾಕತ್ತೈತೇನು?"

"ಹ್ಞೂಂ. ಈಗೂ."

ಅವರು ಬಚ್ಚಲಿಗೆ ಹೋಗಿ ಬಕೆಟ್ ಬೋರಲು ಹಾಕಿದರು. ನೀರು ಹೋಗುವ ಸದ್ದು. ಕೆಳಗಿನ ಮನೆಯವಳನ್ನು ಕೂಗಿ ತಮ್ಮ ಹುಡುಗಿಯರನ್ನೂ ಶಾಲೆಯಿಂದ ಕರೆತರಲು ಹೇಳಿದರು. ಆಮೇಲೆ ಫೋನ್ ತೆಗೆದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಹತ್ತು ನಿಮಿಷವಾಯಿತು. ಮಾತು ಜುನೇದ್ ಜೊತೆಗೇ. ಅವನ ಹೆಸರು ಎರಡು ಸಲ ಕೇಳಿಸಿತು. ಆಪಾ ಬೈಯುತ್ತಿದ್ದಾರೆ. ಯಾರನ್ನು ಅಂತ ತಿಳಿಯುತ್ತಿಲ್ಲ. ಅವನನ್ನೋ, ನನ್ನನ್ನೋ.

ಮಿನ್ಹಾ ನನ್ನ ತೊಡೆಯ ಮೇಲೇ ಇದ್ದಾಳೆ. ಎಲ್ಲ ಕೇಳಿಸಿಕೊಂಡ ಮೇಲೂ ಅವರು ಇವಳನ್ನು ಎತ್ತಿಕೊಂಡು ಹೋಗಲಿಲ್ಲ. ನಂಬಿದರೋ, ಗಾಬರಿಯಲ್ಲಿ ಮರೆತರೋ. ಒಂದು ಕೈಯಲ್ಲಿ ಇವಳ ಕುತ್ತಿಗೆ ಹಿಡಿದು ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ಬೆಚ್ಚಗಿದೆ ಕುತ್ತಿಗೆ. ಕಣ್ಣು ಮುಚ್ಚುತ್ತಿದ್ದಾಳೆ.

ಒಳಗೆ ಮಾತು ನಿಂತಿತು. ಚಿಲಕ ತೆಗೆಯುತ್ತಿದ್ದಾರೆ. ಇವಳನ್ನು ಕೊಡು ಅಂದರೆ ನಾನು —